ಕೇಳಿದರೆ ಕೊಡುತ್ತಿದ್ದೆ

ಜನವರಿ 6, ಮಂಗಳವಾರ

ಸಂಜೆ ಬಟಾಣಿ ಸಾರು ಬಿಸಿಗಿಟ್ಟಿದ್ದೆ, ಕರೆಂಟ್ ಹೋಯಿತು. ನಿನ್ನೆಯಿಂದ ಸುರಿಯುತ್ತಿರುವುದು ಮಳೆಯೂ ಅಲ್ಲ, ಹಿಮವೂ ಅಲ್ಲ. ನೀರಾಗಿ ಬೀಳುತ್ತದೆ, ಏನನ್ನಾದರೂ ಮುಟ್ಟಿದ ಕೂಡಲೇ ಮಂಜುಗಡ್ಡೆಯಾಗುತ್ತದೆ. ಬಾಗಿಲ ಚಿಲಕ, ಬಟ್ಟೆ ಒಣಹಾಕುವ ತಂತಿ, ಕೊಟ್ಟಿಗೆಯ ಮೆಟ್ಟಿಲು, ಎಲ್ಲಕ್ಕೂ ಗಾಜು ಬಳಿದಂತಾಗಿದೆ. ಕೊಟ್ಟಿಗೆಗೆ ಹೋಗುವಾಗ ಎರಡು ಸಲ ಕುಂಡಿ ಊರಿದೆ. ಐವತ್ತೆಂಟನೇ ವಯಸ್ಸಿಗೆ ಇದೊಂದು ಬಾಕಿಯಿತ್ತು.

ಫೋನ್ ಸಾಯುವ ಮೊದಲು ಸೋಲಾಂಜ್ ಮಾತಾಡಿದಳು. ನನ್ನ ತಂಗಿ ಇರುವುದು ನಮ್ಮ ರಸ್ತೆಯ ಹೊಲಮನೆಗಳ ಈ ಮೂರನೇ ಸಾಲಿನ ಕಟ್ಟಕಡೆಯ ಮನೆಯಲ್ಲಿ, ಅವಳ ನಾಲಗೆ ಮಾತ್ರ ಯಾವಾಗಲೂ ನನ್ನ ಪಕ್ಕದ ಕೋಣೆಯಲ್ಲೇ ಇರುತ್ತದೆ.

"ಅಕ್ಕಾ, ಭಾವ ಗೋರಿಯೊಳಗೆ ಕುಣೀತಿರ್ಬೇಕು ನೋಡು. ಕೊನೆಗೂ ಆ ಕಬ್ಬಿಣದ ಹಂದಿಗೆ ಕೆಲಸ ಸಿಕ್ತು!"

ಕಬ್ಬಿಣದ ಹಂದಿ ಎಂದರೆ ನನ್ನ ಗಂಡ ಕ್ಲೋವಿಸ್ ಹರಾಜಿನಲ್ಲಿ ತಂದ ಹಳೆಯ ಜನರೇಟರ್. ಟ್ರ್ಯಾಕ್ಟರಿನ ಹಿಂದೆ ಜೋಡಿಸಿ ತಿರುಗಿಸಬೇಕು. ಅದನ್ನು ತಂದ ದಿನ ಇಡೀ ಸಾಲು ನಕ್ಕಿತ್ತು, ಎಲ್ಲರಿಗಿಂತ ಹೆಚ್ಚು ನಕ್ಕವಳು ಇವಳೇ. ಅವನು ಹೋಗಿ ಇನ್ನೂ ನಾಲ್ಕು ತಿಂಗಳಾಗಿಲ್ಲ, ಇವಳಿಗೆ ತಮಾಷೆ. ಆದರೂ ನಗು ಬಂತು, ಏನು ಮಾಡಲಿ. ಜನರೇಟರ್ ಒಂದೇ ಸಲಕ್ಕೆ ಶುರುವಾಯಿತು. ಹಸುಗಳನ್ನು ಕರೆದು ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಟಿವಿ ಇಲ್ಲದ ಮೇಲೆ ಕೈಗೆ ಏನಾದರೂ ಬೇಕಲ್ಲ.

ಜನವರಿ 7, ಬುಧವಾರ

ಬೆಳಗ್ಗೆ ಬಾಗಿಲು ತೆರೆದರೆ ಪಕ್ಕದ ಮಾರ್ಲೆನ್ ಮನೆಯ ಹಸುಗಳ ಕೂಗು. ಕೆಚ್ಚಲು ತುಂಬಿದ ಹಸು ಕೂಗುವುದನ್ನು ಕೇಳಿಸಿಕೊಂಡು ಕಾಫಿ ಕುಡಿಯುವುದು ನನ್ನಿಂದಾಗದ ಕೆಲಸ. ಎಲ್ಲರೂ ಮಿಶನ್ನಿಗೆ ಒಗ್ಗಿಹೋಗಿದ್ದೇವೆ, ಕೈಯಲ್ಲಿ ಕರೆಯಲು ಈಗ ಯಾರ ಬೆರಳಿಗೂ ತ್ರಾಣವಿಲ್ಲ. ಒಂದು ದಿನ ಬಿಟ್ಟರೆ ಕೆಚ್ಚಲು ಬಾವು, ಮೂರು ದಿನ ಬಿಟ್ಟರೆ ಕಟುಕನ ಲಾರಿ.

ನಮ್ಮ ಸಾಲಿನಲ್ಲಿ ಯಾರೂ ಬಾಯಿಬಿಟ್ಟು ಸಹಾಯ ಕೇಳುವುದಿಲ್ಲ, ಯಾರಿಂದಲೂ ಕೇಳಿಸುವುದೂ ಇಲ್ಲ. ಕಿಟಕಿಯಿಂದ ಕಾಣುತ್ತದೆ, ಹೋಗುತ್ತೇವೆ. ಕ್ಲೋವಿಸ್ ತೀರಿಕೊಂಡ ವಾರ ನನ್ನ ಜೋಳ ಹೊಲದಲ್ಲೇ ನಿಂತಿತ್ತು. ಸೋಲಾಂಜಳ ಗಂಡ ಓಮೆರ್ ಯಾರಿಗೂ ಹೇಳದೆ ಬಂದು ಅಷ್ಟನ್ನೂ ಕಟಾವು ಮಾಡಿ, ಒಂದು ಲೋಟ ಚಹಾ ಕೂಡ ಕುಡಿಯದೆ ಹೋಗಿದ್ದ.

ಹಾಗಾಗಿ ನಾನೂ ಹೊರಟೆ. ಎದುರು ಮನೆಯ ಮುದುಕ ಬ್ರಹ್ಮಚಾರಿ ಅಲ್ಸಿದ್ ಟ್ರ್ಯಾಕ್ಟರ್ ಹಿಡಿದ, ನಾನು ಹಿಂದೆ ಜನರೇಟರಿನ ಗಾಡಿಯ ಮೇಲೆ. ಮಾರ್ಲೆನ್ ನನ್ನನ್ನು ಕಂಡು ಅತ್ತೇಬಿಟ್ಟಳು. ಅವಳ ಗಂಡ ಉತ್ತರದ ಕಾಡಿನಲ್ಲಿ ಮರ ಕಡಿಯಲು ಹೋಗಿದ್ದಾನೆ, ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಇದ್ದಾಳೆ. ಅಲ್ಲಿಂದ ಮುಂದಿನ ಮನೆ, ಅದರ ಮುಂದಿನ ಮನೆ, ಕೊನೆಗೆ ಏರಿನ ಮೇಲೆ ಸೋಲಾಂಜಳದ್ದು. ಓಮೆರ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಕ್ಲೋವಿಸ್ ಹೆಸರಿಗೆ ಟೋಪಿ ತೆಗೆದ. ಸೋಲಾಂಜ್ ಜನರೇಟರಿನ ತಲೆ ಸವರಿ, "ಹಂದೀ, ತಪ್ಪಾಯ್ತು ಕಣೋ" ಎಂದಳು. ಎಲ್ಲರೂ ನಕ್ಕೆವು. ಬೆನ್ನು ಮುರಿದುಹೋಗಿದೆ, ಆದರೆ ಈ ನಾಲ್ಕು ತಿಂಗಳಲ್ಲಿ ಇವತ್ತಿನಷ್ಟು ಖುಷಿಯಾಗಿ ಇರಲಿಲ್ಲ.

ಜನವರಿ 8, ಗುರುವಾರ

ಮೇಪಲ್ ತೋಪು ಹೋಯಿತು. ಬೆಳಗಿನಿಂದ ಬಂದೂಕು ಹಾರಿಸಿದಂತೆ ಒಂದೊಂದೇ ಮರ ಸಿಡಿಯುತ್ತಿದೆ. ಕೊಂಬೆಯ ಮೇಲೆ ನನ್ನ ತೋಳಿನ ದಪ್ಪ ಗಡ್ಡೆ ಕೂತರೆ ಯಾವ ಮರ ತಾನೇ ತಾಳೀತು. ಕ್ಲೋವಿಸ್‌ನ ಅಜ್ಜ ನೆಟ್ಟ ಮರಗಳು. ವಸಂತದಲ್ಲಿ ಮರದ ಸಿಹಿರಸ ಹಿಡಿಯುವ ಬಕೆಟ್ ನೇತುಹಾಕಲು ಇನ್ನು ಏನೂ ಇಲ್ಲ, ಪಾಕ ಕಾಯಿಸುವ ಗುಡಿಸಲಿಗೆ ಬೀಗ ಹಾಕಬಹುದು. ಕೊಟ್ಟಿಗೆಯ ಹಿಂದೆ ನಿಂತು ಅತ್ತೆ.

ಅಲ್ಸಿದ್ ಹೇಳುತ್ತಾನೆ, "ಮೇಲ್ಗಡೆ ತೆಂಕಣದ ಬಿಸಿಗಾಳಿ. ಕೆಳಗಡೆ ನದಿ ಬಯಲಲ್ಲಿ ಚಳಿಗಾಳಿ ಮಲ್ಕೊಂಡ್ಬಿಟ್ಟಿದೆ, ಏಳಲ್ಲ ಅಂತಿದೆ. ಮೇಲಿಂದ ನೀರಾಗಿ ಬರ್ತದೆ, ಇದರ ಮೈ ತಾಕಿದ್ದೇ ತಡ ಗಡ್ಡೆ. ಅದು ಎದ್ದು ಹೋಗೋವರೆಗೂ ನಮಗಿದೇ ಗತಿ."

ಕರೆದ ಹಾಲನ್ನೆಲ್ಲ ಚರಂಡಿಗೆ ಸುರಿದೆವು. ಹಾಲಿನ ಲಾರಿ ಬರಲು ರಸ್ತೆಯೇ ಇಲ್ಲ. ಪೇಟೆಯ ದಾರಿಯ ಎಲ್ಲ ಕಂಬಗಳೂ ರಸ್ತೆಗೆ ಅಡ್ಡ ಬಿದ್ದಿವೆ.

ಜನವರಿ 9, ಶುಕ್ರವಾರ

ದೊಡ್ಡ ತಂತಿಯ ಉಕ್ಕಿನ ಗೋಪುರಗಳು ಹೊಲದುದ್ದಕ್ಕೂ ಮೊಣಕಾಲೂರಿ ಬಿದ್ದಿವೆಯಂತೆ. ಮಾಂಟ್ರಿಯಲ್‌ನಲ್ಲೂ ಕತ್ತಲೆ. ಬ್ಯಾಟರಿ ರೇಡಿಯೋದಲ್ಲಿ ವಾರಗಟ್ಟಲೆ ಆಗಬಹುದು ಎಂದರು.

ಈಗ ನನ್ನ ಅಡುಗೆಮನೆ ಛತ್ರವಾಗಿದೆ. ಈಗಿನವರೆಲ್ಲ ಕರೆಂಟಿನ ಹೀಟರ್ ನಂಬಿ ಮನೆ ಕಟ್ಟಿಕೊಂಡರು, ಸೌದೆ ಒಲೆ ಉಳಿದಿರುವುದು ನನ್ನಲ್ಲಿ ಮತ್ತು ಸೋಲಾಂಜಳಲ್ಲಿ ಮಾತ್ರ. ಮಾರ್ಲೆನ್ ಮಕ್ಕಳ ಸಮೇತ ಬಂದಿದ್ದಾಳೆ, ಅಲ್ಸಿದ್ ಬಂದಿದ್ದಾನೆ, ಇನ್ನೆರಡು ಮನೆಯವರು ನೆಲದ ಮೇಲೆ ಹಾಸಿಗೆ ಹಾಸಿಕೊಂಡಿದ್ದಾರೆ. ಏನಾದರೂ ಮಾಡಬೇಕಾದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಸಾರಿಗೆ ಉಪ್ಪು ಹಾಕಲೂ ನನ್ನನ್ನೇ ಕೇಳುತ್ತಾರೆ. ಕ್ಲೋವಿಸ್ ಬದುಕಿದ್ದಾಗ ನನ್ನ ಮಾತಿಗೆ ಇಷ್ಟು ತೂಕ ಇರಲಿಲ್ಲ. ಅವನ ಕುರ್ಚಿಯಲ್ಲಿ ಕೂತುಕೊಂಡೆ, ಒಲೆಯ ಪಕ್ಕ ಅದೊಂದೇ ಖಾಲಿಯಿತ್ತು.

ಮಾರ್ಲೆನ್ ಆಚೆಯ ಎರಡನೇ ಮನೆಯವರು ಇವತ್ತು ಜನರೇಟರನ್ನು ಅರ್ಧ ಗಂಟೆ ಹೆಚ್ಚು ಇಟ್ಟುಕೊಂಡು ನೀರು ಕಾಯಿಸಿದರು. ಸ್ನಾನಕ್ಕಂತೆ! ಊಟದ ಹೊತ್ತಿಗೆ ಎಲ್ಲರ ಮುಂದೆ ಹೇಳಿಬಿಟ್ಟೆ, "ನಾಳೆಯಿಂದ ಯಾರಿಗೆ ಬೇಕೋ ಹಿಂದಿನ ಸಂಜೆ ಬಂದು ನನ್ನತ್ರ ಕೇಳಿ. ಕೇಳಿದೋರ್ ಮನೆಗೆ ಹೋಗುತ್ತೆ, ಕೇಳ್ದಿದ್ದೋರ್ ಮನೆಗೆ ಇಲ್ಲ."

ಅಲ್ಸಿದ್ ಚಮಚ ಕೆಳಗಿಟ್ಟ. "ಕೇಳೋದಾ? ನಮ್ ಸಾಲಲ್ಲಿ ಯಾವತ್ತು ಕೇಳಿದೀವಿ ಎಡ್ಮೆ?"

"ಯಾವತ್ತು ಹಿಂಗೆ ಗಡ್ಡೆ ಬಿದ್ದಿತ್ತು?" ಎಂದೆ. ಚಮಚ ಮತ್ತೆ ಎತ್ತಿಕೊಂಡ.

ಡೀಸೆಲ್ ಸುಮ್ಮನೆ ಸಿಗುವುದಿಲ್ಲ. ಒಂದು ಕ್ರಮ ಅಂತ ಇರಬೇಕು.

ಜನವರಿ 10, ಶನಿವಾರ

ಎಲ್ಲರೂ ಕೇಳಿದರು. ಮಾರ್ಲೆನ್ ಮೊದಲು. "ದೊಡ್ಡಮ್ಮ, ನಾಳೆ ನಮ್ಮನೆಗೂ..." ಎಂದು ಏಪ್ರನ್ ತುದಿ ತಿರುಚುತ್ತ. ಅಷ್ಟೇನು ಕಷ್ಟವಾಗಲಿಲ್ಲ ನೋಡು. ಎರಡನೇ ಮನೆಯವರು ಕೆಮ್ಮಿ, ಕಿಟಕಿ ನೋಡಿ, ಕೊನೆಗೆ ಕೇಳಿದರು. ಸ್ನಾನ ಮಾಡಿದವರು ತಾನೇ, ಇನ್ನು ಸ್ವಲ್ಪ ಹೊತ್ತು ಕಾಯಲಿ ಎಂದು ಅವರನ್ನು ಕೊನೆಗೆ ಹಾಕಿದೆ.

ಏರಿನ ಮನೆಯಿಂದ ಮಾತ್ರ ಯಾರೂ ಬರಲಿಲ್ಲ. ಇವತ್ತು ಹಾಗೇ ಕಳಿಸಿದೆ, ನಾಳೆಯೂ ಕಳಿಸುತ್ತೇನೆ. ತಂಗಿ ತಾನೇ.

ಜನವರಿ 11, ಭಾನುವಾರ

ಪೂಜೆ ಇರಲಿಲ್ಲ, ಪಾದ್ರಿ ಬರಲು ದಾರಿ ಇಲ್ಲ. ಅಡುಗೆಮನೆಯಲ್ಲೇ ಜಪಮಾಲೆ ಎಣಿಸಿದೆವು. ಅದು ಮುಗಿಯುವ ಹೊತ್ತಿಗೆ ಸೋಲಾಂಜ್ ಬೂಟಿಗೆ ಮೊಳೆಯ ಪಟ್ಟಿ ಕಟ್ಟಿಕೊಂಡು ಏರಿಳಿದು ಬಂದಳು, ಕೈಯಲ್ಲಿ ಬೀನ್ಸ್ ಕಾಳಿನ ಪಾತ್ರೆ, ಇಡೀ ಮನೆಗೆ ಸಾಕಾಗುವಷ್ಟು. ಬಂದವಳು ಸುಮ್ಮನಿದ್ದಳೇ? ಬಾಗಿಲಲ್ಲೇ ನಿಂತು ಲಂಗ ಎತ್ತಿ ಮಂಡಿ ಬಗ್ಗಿಸಿದಳು.

"ಮೂರನೇ ಸಾಲಿನ ಮಹಾರಾಣಿಯವರಿಗೆ ಶರಣು! ಒಳಗೆ ಕಾಲಿಡಬಹುದಾ, ಇಲ್ಲಾ ಅದಕ್ಕೂ ನಿನ್ನೆ ಸಂಜೇನೇ ಬಂದು ಕೇಳ್ಬೇಕಿತ್ತಾ?"

ಆಮೇಲೆ ಕ್ಲೋವಿಸ್‌ನ ಕುರ್ಚಿಯಲ್ಲಿ ಕೂತು, ಗಲ್ಲ ಎತ್ತಿ, ನನ್ನ ಹಾಗೇ ಬೆರಳು ಆಡಿಸಿ, "ನಿನಗೆ ಹೂಂ, ನಿನಗೆ ಊಹೂಂ, ನೀನು ಸ್ನಾನ ಮಾಡಿದೀಯ, ಆಚೆ ಹೋಗು" ಎಂದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನ್ನ ಸಾರು ಕುಡಿಯುತ್ತಿದ್ದ ಮಾರ್ಲೆನ್ ಕೂಡ ನಕ್ಕಳು. ನಾನೂ ನಕ್ಕೆ, ಇಲ್ಲದಿದ್ದರೆ ಇನ್ನೇನು ಮಾಡಲಿ. ಚಿಕ್ಕವಳಿದ್ದಾಗಲೂ ಹೀಗೇ, ನನಗೆ ಯಾವತ್ತು ಒಂದಿಷ್ಟು ಮರ್ಯಾದೆ ಸಿಕ್ಕಿತೋ ಅವತ್ತೇ ನಾಲ್ಕು ಜನರ ಮುಂದೆ ಅದರ ಬಟ್ಟೆ ಬಿಚ್ಚುತ್ತಿದ್ದಳು.

ಹೋಗುವಾಗ ನನ್ನ ಕೆನ್ನೆಗೆ ಮುತ್ತಿಟ್ಟಳು. ಜನರೇಟರಿನ ಮಾತೆತ್ತಲಿಲ್ಲ. ನಾಳೆ ಎಂದಿನ ಹಾಗೆ ತಾನಾಗಿ ಬರುತ್ತದೆ ಎಂದುಕೊಂಡಿರಬೇಕು.

ಅವಳು ಕೇಳಿಲ್ಲ. ಎಲ್ಲರಿಗೂ ಒಂದೇ ನಿಯಮ.

ಜನವರಿ 12, ಸೋಮವಾರ

ಕೇಳಿದ ಮೂರು ಮನೆಗೆ ಕಳಿಸಿದೆ. ಮಳೆ ನಿಂತು ಚಳಿ ಏರಿದೆ, ಉಗುಳಿದರೆ ನೆಲ ಮುಟ್ಟುವಾಗ ಟಣ್ಣೆನ್ನುತ್ತದೆ. ಪಕ್ಕದ ಊರಲ್ಲಿ ಮುದುಕ ಮುದುಕಿ ಹಾಸಿಗೆಯಲ್ಲೇ ಹೆಪ್ಪುಗಟ್ಟಿದ್ದರಂತೆ, ಸಹಾಯಕ್ಕೆ ಬಂದ ಸೈನಿಕರು ಬಾಗಿಲು ಒಡೆದು ನೋಡಿದ್ದು.

ಅಲ್ಸಿದ್ ಸಂಜೆ ಟ್ರ್ಯಾಕ್ಟರಿನ ಮೇಲೆ ಕೂತೇ ಕೇಳಿದ, "ಏರಿನ ಮನೆಗೆ?"

"ಅವಳು ಕೇಳಿದ್ಲಾ?"

"ಹಸು ಕೇಳ್ತಾ ಇವೆ. ಇಲ್ಲಿಗೇ ಕೇಳಿಸ್ತಿದೆ."

"ಹಸುಗಳ ಮಾತು ನಂಗರ್ಥ ಆಗಲ್ಲ. ಟ್ರ್ಯಾಕ್ಟರ್ ನಂದು, ಇಳಿ" ಎಂದೆ. ಇಳಿದ. ಮೈಯಲ್ಲಿ ಚಳಿಯೇ ಇಲ್ಲದಂತೆ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಬಂದ.

ಒಂದು ಮಾತು. ಅಕ್ಕಾ, ಕಳಿಸು ಅಂದರೆ ಮುಗಿಯಿತು. ನನ್ನ ಕಾಲು ಹಿಡಿ ಅಂದೆನೇ?

ಜನವರಿ 13, ಮಂಗಳವಾರ

ಓಮೆರ್ ಬಂದಿದ್ದ. ಮುಂಬಾಗಿಲಿಗೆ ಬಾರದೆ ಸೌದೆ ಮನೆಯ ಕಡೆಯಿಂದ ಬಂದು, ನಾನು ಸೌದೆ ಆರಿಸುವಾಗ ಮೆಲ್ಲಗೆ ಕೆಮ್ಮಿದ. ಕೈಗವಸು ತೆಗೆದಾಗ ಬೆರಳುಗಳು ಊದಿ ಸಾಸೇಜಿನಂತಾಗಿದ್ದವು. ಇಬ್ಬರೂ ಸೇರಿ ಕೈಯಲ್ಲೇ ಕರೆಯುತ್ತಿದ್ದಾರಂತೆ. ಅರ್ಧ ಹಸುಗಳು ಮುಗಿಯುವಾಗ ಮತ್ತೆ ಮೊದಲನೆಯದು ಕೂಗುತ್ತದಂತೆ.

"ಅತ್ತಿಗೆ, ಎಂಟು ಹಸೂಗೆ ಕೆಚ್ಚಲು ಕಲ್ಲಾಗಿದೆ. ನಾನೇ ಕೇಳ್ತಿದೀನಿ. ಸೋಲಾಂಜ್‌ಗೆ ಗೊತ್ತಿಲ್ಲ, ಗೊತ್ತಾದ್ರೆ ನನ್ನ ಕೊಟ್ಟಿಗೇಲೇ ಕಟ್ಟಾಕ್ತಾಳೆ."

ಪಾಪ ಎನಿಸಿತು. ನನಗೇನು ಕಲ್ಲಿನ ಎದೆಯೇ? ಆದರೆ ಕದ್ದು ಮುಚ್ಚಿ ಸೌದೆ ಮನೆಯಲ್ಲಿ ಕೇಳಿದ್ದನ್ನು ಕೇಳಿದ್ದು ಅನ್ನುತ್ತಾರೆಯೇ? ಅಣಕಿಸಿದ್ದು ಎಲ್ಲರೆದುರು, ಕೇಳುವುದು ಕತ್ತಲಲ್ಲಿ?

"ಅವಳೇ ಬರ್ಲಿ ಓಮೆರ್. ಅಡುಗೆಮನೆಗೆ ಬಂದು ಎಲ್ಲಾರ್ ಥರ ಕೇಳ್ಲಿ. ಆ ಕ್ಷಣಾನೇ ಕಳಿಸ್ತೀನಿ."

ಅವನು ನಕ್ಕ. ಸಿಟ್ಟೇ ಬರದ ಮನುಷ್ಯ, ಅದೂ ಒಂದು ಕಾಯಿಲೆ. "ನಿಮ್ಮಿಬ್ಬರನ್ನ ಹೆತ್ತೋಳು ಏನ್ ತಿಂದು ಹೆತ್ಲೋ" ಎಂದ. ಕಲ್ಲುಗಣಿಯಲ್ಲಿ ಅವನ ಸೋದರಮಾವನ ಮಗನ ಹತ್ತಿರ ಒಂದು ಪುಟ್ಟ ಪೆಟ್ರೋಲ್ ಜನರೇಟರ್ ಇದೆಯಂತೆ, ಹೊಲದ ಮೇಲೆ ನಡೆದು ಹೋಗಿ ಅದನ್ನೇ ತರುತ್ತೇನೆ ಎಂದ. ಹೊರಗಿಟ್ಟರೆ ಒಂದೋ ಗಡ್ಡೆ ಕಟ್ಟುತ್ತದೆ, ಇಲ್ಲವೋ ಕಳ್ಳರು ಹೊತ್ತೊಯ್ಯುತ್ತಾರೆ, ಮೊನ್ನೆ ಎರಡನೇ ಸಾಲಿನಲ್ಲಿ ಓಡುತ್ತಿದ್ದುದನ್ನೇ ಕದ್ದರಲ್ಲ. "ಹಾಲಿನ ಕೋಣೆ ಒಳಗೇ ಇಟ್ಕೊಂಡು ಚಿಲಕ ಹಾಕ್ಕೋತೀನಿ."

ರೇಡಿಯೋದವರು ದಿನಕ್ಕೆ ಹತ್ತು ಸಲ ಬಡಿದುಕೊಳ್ಳುತ್ತಾರೆ, ಇಂಜಿನ್ ಒಳಗಿಡಬೇಡಿ, ಆ ಹೊಗೆ ಕಾಣುವುದೂ ಇಲ್ಲ, ನಾರುವುದೂ ಇಲ್ಲ, ಕೂತಲ್ಲೇ ಕೊಲ್ಲುತ್ತದೆ ಎಂದು. ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಮಾರ್ಲೆನ್ ಒಳಗಿಂದ ಕರೆದಳು. ಅವನಿಗೂ ರೇಡಿಯೋ ಇದೆ.

ಜನವರಿ 14, ಬುಧವಾರ

ಬೆಳಗ್ಗೆ ಏರಿನ ಕಡೆಯಿಂದ ಸಣ್ಣ ಇಂಜಿನ್ನಿನ ಸದ್ದು. ಓ, ಸಿಕ್ಕಿತಾ. ಸಂತೋಷ. ಇನ್ನು ನನ್ನ ಹಂಗಿಲ್ಲ, ನನಗೂ ಅವರ ಚಿಂತೆಯಿಲ್ಲ.

ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಅಗ್ಗದ ಮಾಲು, ಎಷ್ಟು ಹೊತ್ತು ಬಂದೀತು. ಮಧ್ಯಾಹ್ನದಿಂದ ಹಸುಗಳು ಮತ್ತೆ ಕೂಗುತ್ತಿವೆ. ಇವತ್ತು ಬಂದೇ ಬರುತ್ತಾಳೆ ನೋಡುತ್ತಿರು. ಎಲ್ಲರೂ ಊಟಕ್ಕೆ ಕೂರುವ ಹೊತ್ತಿಗೆ ಬರಲಿ.

ಜನವರಿ 15, ಗುರುವಾರ

ನಿನ್ನೆ ಸಂಜೆ ಬಂದಳು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಯಾರು ಏನೇ ಹೇಳಲಿ, ನಡೆದದ್ದು ಇಷ್ಟು.

ನಾವೆಲ್ಲ ಊಟಕ್ಕೆ ಕೂತಿದ್ದೆವು. ಸೋಲಾಂಜ್ ಬಾಗಿಲು ತಟ್ಟದೆ ಬಂದಳು. ಕೋಟಿನ ಗುಂಡಿ ಹಾಕಿರಲಿಲ್ಲ, ತಲೆಯ ಮೇಲೆ ಏನೂ ಇರಲಿಲ್ಲ, ಕೂದಲಲ್ಲಿ ಹುಲ್ಲು. ಏರಿನಲ್ಲಿ ಬಿದ್ದಿರಬೇಕು, ಮೊಣಕಾಲು ರಕ್ತವಾಗಿತ್ತು. ಮಾರ್ಲೆನ್ ಕುರ್ಚಿ ಎಳೆದುಕೊಟ್ಟಳು, ಕೂರಲಿಲ್ಲ. ನನ್ನ ಕುರ್ಚಿಯ ಮುಂದೆ ಬಂದು ನಿಂತು ಹೇಳಿದಳು:

"ಅಕ್ಕ, ಜನರೇಟರ್ ಕಳಿಸ್ತೀಯಾ? ಕೇಳ್ತಾ ಇದೀನಿ."

ಮೂದಲಿಕೆ ಇರಲಿಲ್ಲ, ನಗೆ ಇರಲಿಲ್ಲ. ನೆಟ್ಟಗೆ ಕೇಳಿದಳು. ನನ್ನ ಎದೆ ತಂಪಾಯಿತು, ಸುಳ್ಳೇಕೆ ಹೇಳಲಿ. ಐವತ್ತು ವರ್ಷದಲ್ಲಿ ಅವಳು ನನ್ನ ಮುಂದೆ ಹಾಗೆ ನಿಂತದ್ದು ಅದೇ ಮೊದಲು. ನಾನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದೆ.

"ಏನಂದೆ? ಕೇಳಿಸಲಿಲ್ಲ."

ಮಾರ್ಲೆನ್ ಮಕ್ಕಳನ್ನು ಹತ್ತಿರ ಎಳೆದುಕೊಂಡಳು.

"ಜನರೇಟರ್ ಕಳಿಸಕ್ಕ. ಕೈ ಮುಗೀತೀನಿ" ಎಂದಳು. ನಿಜವಾಗಿ ಕೈ ಮುಗಿದಳು.

"ಅಷ್ಟೇ ತಾನೆ! ಮೊದಲೇ ಕೇಳಿದ್ರೆ ಕೊಡ್ತಿರ್ಲಿಲ್ವಾ? ಅಲ್ಸಿದ್, ಏಳು, ಟ್ರ್ಯಾಕ್ಟರ್ ತೆಗಿ. ಸಾರು ಕುಡ್ಕೊಂಡು ಹೋಗು ಸೋಲಾಂಜ್" ಎಂದೆ. ಮೊದಲಿನ ಎಡ್ಮೆಯಂತೆಯೇ ಹೇಳಿದೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಲಿಲ್ಲ. ಅವಳು ಆಗಲೇ ಹೊರಗೆ ಹೋಗಿದ್ದಳು.

ಏರಿನ ಮನೆಗೆ ಹೋದ ಅಲ್ಸಿದ್ ಟ್ರ್ಯಾಕ್ಟರನ್ನು ಅಲ್ಲೇ ಬಿಟ್ಟು ನಡೆದು ವಾಪಸು ಬಂದ. ಬಾಗಿಲಲ್ಲಿ ನಿಂತು, ಯಾರ ಮುಖವನ್ನೂ ನೋಡದೆ ಹೇಳಿದ.

ಬೆಳಗ್ಗೆ ಓಮೆರ್ ಹಾಲಿನ ಕೋಣೆಯಲ್ಲಿ ಇಂಜಿನ್ ಇಟ್ಟುಕೊಂಡು ಒಳಗಿಂದ ಚಿಲಕ ಹಾಕಿದ್ದನಂತೆ. ಪೆಟ್ರೋಲ್ ಮುಗಿದು ಇಂಜಿನ್ ನಿಂತಿದೆ, ಅವನು ಹೊರಗೆ ಬರಲಿಲ್ಲ. ಸೋಲಾಂಜ್ ಕೊಡಲಿಯಿಂದ ಬಾಗಿಲು ಒಡೆದು ಎಳೆದು ಹಾಕಿದಳಂತೆ. ಮುಖ ಕೆಂಪಗೆ, ನಿದ್ದೆ ಮಾಡಿದವನ ಹಾಗೆ. ಫೋನಿಲ್ಲ, ದಾರಿಯಿಲ್ಲ. ಹುಲ್ಲಿನ ಮೇಲೆ ಮಲಗಿಸಿ, ಮಧ್ಯಾಹ್ನವಿಡೀ ಪಕ್ಕದಲ್ಲಿ ಕೂತಿದ್ದಳಂತೆ. ಹಸುಗಳು ಕೂಗುವುದನ್ನು ನಿಲ್ಲಿಸಲಿಲ್ಲವಂತೆ.

"ಅವನ್ ಎದುರಿಗೆ ಅವು ಹಂಗೆ ಕೂಗ್ಬಾರ್ದು ಅಂತ ಬಂದ್ಲು, ಅಷ್ಟೆ" ಎಂದ ಅಲ್ಸಿದ್. "ನೀನು ಅವಳ ಕೈಲಿ ಎರಡು ಸಲ ಕೇಳಿಸ್ದೆ."

ನನಗೆ ಹೇಗೆ ಗೊತ್ತಾಗಬೇಕು? ಅದನ್ನು ಮೊದಲು ಹೇಳಬಹುದಿತ್ತಲ್ಲ. ಓಮೆರ್ ಹೋದ ಅಂದಿದ್ದರೆ ನಾನು ಬ್ರೆಡ್ ಬಿಸಾಕಿ ಓಡುತ್ತಿರಲಿಲ್ಲವೇ? ಅವಳು ಅದನ್ನು ಹೇಳಲಿಲ್ಲ. ಜನರೇಟರ್ ಮಾತ್ರ ಕೇಳಿದಳು. ಕೇಳಿದ್ದನ್ನು ಕೊಟ್ಟೆ.

ಎಲ್ಲರೂ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋದರು, ಏರಿನ ಕಡೆಗೆ, ಮಕ್ಕಳನ್ನೂ ಕರೆದುಕೊಂಡು. ಯಾರೂ ಅವರನ್ನು ಕರೆದಿರಲಿಲ್ಲ.

ಜನವರಿ 19, ಸೋಮವಾರ

ಚರ್ಚಿನಲ್ಲಿ ಪಾದ್ರಿಯ ಮಾತು ಹೊಗೆಯಾಗಿ ಹೊರಬರುತ್ತಿತ್ತು. ನೆಲ ಕಬ್ಬಿಣವಾಗಿದೆ, ಅಗೆಯಲು ಆಗುವುದಿಲ್ಲ. ಓಮೆರ್‌ನ ಶವಪೆಟ್ಟಿಗೆಯನ್ನು ಹಿಂದಿನ ಕಲ್ಲಿನ ಕೋಣೆಯಲ್ಲಿ ಈ ಚಳಿಯಲ್ಲಿ ತೀರಿಕೊಂಡ ಉಳಿದವರ ಜೊತೆ ಇಟ್ಟರು, ವಸಂತದಲ್ಲಿ ಹೂಳುತ್ತಾರೆ. ನಾನು ಮನೆಯವರ ಬೆಂಚಿನಲ್ಲೇ ಕೂತೆ. ನನ್ನ ಮತ್ತು ಸೋಲಾಂಜಳ ನಡುವೆ ಇಬ್ಬರು ಕೂರುವಷ್ಟು ಜಾಗ ಉಳಿದಿತ್ತು.

ಮಾರ್ಲೆನ್ ಹಾಸಿಗೆ ಒಯ್ಯಲು ಬಂದವಳು ನೆಲ ಗುಡಿಸಿ ಹೋದಳು. ಎಲ್ಲರೂ ಈಗ ಸೋಲಾಂಜಳ ಒಲೆಯ ಸುತ್ತ ಇದ್ದಾರೆ. ಆರು ದಿನ ನನ್ನ ಸಾರು ಕುಡಿದವರು! ಉಪಕಾರ ಅನ್ನುವುದು ಈ ಸಾಲಿನಲ್ಲಿ ಇಲ್ಲವೇ ಇಲ್ಲ. ಜನರೇಟರ್ ಇನ್ನೂ ಅಲ್ಲೇ ಇದೆ, ಅಲ್ಸಿದ್ ಮನೆಮನೆಗೆ ಒಯ್ಯುತ್ತಾನೆ, ನನ್ನ ಹಸುಗಳ ಹೊತ್ತಿಗೆ ಸರಿಯಾಗಿ ತಂದು ನಿಲ್ಲಿಸುತ್ತಾನೆ. ನಾನು ಕೇಳಿಲ್ಲ.

ಜನವರಿ 22, ಗುರುವಾರ

ಕಟುಕನ ಲಾರಿ ಏರು ಹತ್ತಿತು. ಇಳಿಯುವಾಗ ಒಳಗೆ ಎಷ್ಟಿದ್ದವು ನೋಡಲಿಲ್ಲ. ಪರದೆ ಎಳೆದುಕೊಂಡೆ.

ಜನವರಿ 30, ಶುಕ್ರವಾರ

ಕರೆಂಟ್ ಬಂತು. ಫ್ರಿಜ್ಜು ಗುಂಯ್ ಎಂದಾಗ ಯಾರೋ ಬಂದರೆಂದು ತಿರುಗಿ ನೋಡಿದೆ.

ಸುಮ್ಮನಿರಲಾಗದೆ ಏರಿನ ಮನೆಗೆ ನಡೆದೆ. ಸೋಲಾಂಜ್ ಕೊಟ್ಟಿಗೆಯಲ್ಲಿದ್ದಳು. ಮಿಶನ್ ಓಡುತ್ತಿತ್ತು, ಕಟ್ಟುವ ಜಾಗ ಅರ್ಧ ಖಾಲಿ. ಸಗಣಿ ಬಾಚುತ್ತಿದ್ದ ಅಲ್ಸಿದ್ ನನ್ನನ್ನು ಕಂಡು ಸನಿಕೆ ಗೋಡೆಗೆ ಒರಗಿಸಿ ಬಾಗಿಲಾಚೆ ಹೋಗಿ ನಿಂತ.

"ಏನ್ ಬೇಕಾಗಿತ್ತು?" ಸೋಲಾಂಜ್ ಕೇಳಿದಳು. ಸಿಟ್ಟಿನಿಂದಲ್ಲ, ಅಂಗಡಿಯವರು ಕೇಳುವ ಹಾಗೆ.

"ಏನಿಲ್ಲ. ನೋಡ್ಕೊಂಡು ಹೋಗೋಣ ಅಂತ."

"ನೋಡಿದ್ಯಲ್ಲ."

ಒಂದು ಹಸುವಿನ ಕೆಚ್ಚಲು ಒರೆಸಿ, ಮಿಶನ್ ಹಾಕಿ, ಮುಂದಿನದಕ್ಕೆ ಹೋದಳು. ನಾನು ಹಿಂದೆ ಹಿಂದೆ ಹೋದೆ. ಅವಳು ತಿರುಗಿದಳು. ಈ ಮೂರು ವಾರದಲ್ಲಿ ಮುಖದ ಮೇಲೆ ಅಮ್ಮನ ವಯಸ್ಸು ಬಂದು ಕೂತಿದೆ.

"ಏನೋ ಕೇಳೋಕ್ ಬಂದಿದೀಯ ಅಕ್ಕ. ಗೊತ್ತಾಗ್ತದೆ. ಕೇಳು. ಕೇಳಿದ್ರೆ ಕೊಡ್ತೀನಿ, ಇಲ್ಲ ಅನ್ನಲ್ಲ."

ಕೇಳಬೇಕಾದದ್ದು ಒಂದೇ ಮಾತು. ಆ ಮಾತು ನನಗೆ ಗೊತ್ತಿತ್ತು, ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತ ಬಂದಿದ್ದೆ. ಬಾಯಿಗೂ ಬಂತು. ಆದರೆ ಅಲ್ಸಿದ್ ಬಾಗಿಲಾಚೆ ನಿಂತಿದ್ದ, ಎಲ್ಲ ಕೇಳಿಸುತ್ತಿತ್ತು ಅವನಿಗೆ. ನಾಳೆ ಮಾರ್ಲೆನ್‌ಗೆ ಹೇಳುತ್ತಾನೆ, ಸಾಲಿಗೆಲ್ಲ ಹೇಳುತ್ತಾನೆ. ಮೂರನೆಯವನ ಎದುರು ಅಂಥ ಮಾತು ಹೇಗೆ ಕೇಳುವುದು?

"ಏನಿಲ್ಲಮ್ಮ" ಎಂದೆ.

ಸ್ವಲ್ಪ ಹೊತ್ತು ಕಾದಳು. ನಿಜವಾಗಿ ಕಾದಳು, ಕೈಯಲ್ಲಿ ಬಟ್ಟೆ ಹಿಡಿದು.

"ಹಂಗಾದ್ರೆ ಬಾಗಿಲು ಸರಿಯಾಗಿ ಹಾಕ್ಕೊಂಡು ಹೋಗು. ಹಸುಗಳಿಗೆ ಥಂಡಿ ಹೊಡೀತದೆ."

ಹಾಕಿಕೊಂಡು ಬಂದೆ.